ದಾನಿ ನಂಬರ್ ಆರು

ಮಾರ್ಚ್ 3, ಸೋಮವಾರ

ಇವತ್ತೂ ತಟ್ಟೆ ಖಾಲಿ.

ಚೀಲವನ್ನೂ ಹೆಗಲಿಂದ ಇಳಿಸದೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ಹಿಂದಿನಿಂದ ಸಂಶಯನ ದನಿ: "ಬಾಗಿಲು ಹಾಕಿ ಮೇಡಂ, ಕಾವು ಹೋಗುತ್ತೆ. ನೀವು ಇಣುಕಿದ ಮಾತ್ರಕ್ಕೆ ಜೀವಕೋಶಗಳೇನೂ ಬೆಳೆಯಲ್ಲ." ಸಂಶಯ ಎಂಬುದು ನಾನು ಅವನಿಗಿಟ್ಟ ಹೆಸರು. ವರ್ಷಗಳಿಂದ ಪಕ್ಕದ ಮೇಜಿನಲ್ಲೇ ಕೂತಿದ್ದಾನೆ. ಯಾರಾದರೂ ಗುಡ್ ಮಾರ್ನಿಂಗ್ ಎಂದರೆ ಗಡಿಯಾರ ನೋಡಿಕೊಂಡು ಉತ್ತರ ಕೊಡುವ ಮನುಷ್ಯ.

ಸಂಜೆ ಮಗಳು ತಲೆ ತಿಂದಳು. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ನಾಳೆ ತರಗತಿಯಲ್ಲಿ ಹೇಳಬೇಕಂತೆ. ಅಪ್ಪನದು ಸುಲಭ, ಅದೇ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನದಕ್ಕೆ ಅರ್ಧ ಗಂಟೆ ಹಿಡಿಯಿತು.

"ಚರ್ಮದ ಜೀವಕೋಶ ತಗೊಂಡು, ಅದರೊಳಗೆ ನಾಲ್ಕು ಜೀನ್ ಸೇರಿಸಿ, ಅದನ್ನ ಮತ್ತೆ ಕಾಂಡಕೋಶ ಮಾಡ್ತೀವಿ. ಹುಟ್ಟೋಕೆ ಮುಂಚೆ ಇತ್ತಲ್ಲ, ಹಾಗೆ. ಆಮೇಲೆ ಅದು ಹೃದಯ ಬೇಕಾದ್ರೂ ಆಗಬಹುದು, ನರ ಬೇಕಾದ್ರೂ ಆಗಬಹುದು."

"ಅಂದ್ರೆ ಚರ್ಮನ ವಾಪಸ್ ಪಾಪು ಮಾಡ್ತೀಯ?"

"ಹೂಂ, ಹೆಚ್ಚುಕಮ್ಮಿ ಹಾಗೇ. ಆದ್ರೆ ಆಗ್ತಿಲ್ಲ. ಸಾವಿರದಲ್ಲಿ ಒಂದೂ ಆಗ್ತಿಲ್ಲ."

"ಯಾಕೆ?"

"ಒಳಗೆ ಒಂದು ಕಾವಲು ಜೀನ್ ಇದೆ. ಜೀವಕೋಶ ತನ್ನ ಕೆಲಸ ಬಿಟ್ಟು ಬೇರೇನೋ ಆಗೋಕೆ ಹೊರಟ್ರೆ, ನಿಲ್ಲು ಅನ್ನುತ್ತೆ. ಮಾತು ಕೇಳದಿದ್ರೆ ಸಾಯಿಸಿಯೇ ಬಿಡುತ್ತೆ. ಇಲ್ಲಾಂದ್ರೆ ಎಲ್ಲಾ ಬೇಕಾಬಿಟ್ಟಿ ಬೆಳೆದು ಗಡ್ಡೆ ಆಗಿಬಿಡುತ್ತಲ್ಲ."

"ಹಾಗಾದ್ರೆ ಅದು ಒಳ್ಳೇದೇ ಅಲ್ವಾ?"

"ಒಳ್ಳೇದೇ. ನನ್ನ ತಟ್ಟೆಗೆ ಮಾತ್ರ ಶನಿ."

ಇದನ್ನೆಲ್ಲ ಕೇಳುವಾಗಲೂ ಅವಳ ನಾಲಿಗೆ ಅಲ್ಲಾಡುವ ದವಡೆಹಲ್ಲನ್ನು ತಳ್ಳುತ್ತಲೇ ಇತ್ತು. ಹನ್ನೊಂದು ವರ್ಷಕ್ಕೆ ಹಾಲುಹಲ್ಲಿನ ಕೊನೆಯ ಕಂತು. ಬಿಡು ಎಂದರೆ ಬಿಡುವುದಿಲ್ಲ. ನನ್ನ ಮಗಳೇ ತಾನೇ.

ಕಾವಲು ಜೀನನ್ನು ಸ್ವಲ್ಪ ಹೊತ್ತು ತೂಕಡಿಸುವಂತೆ ಮಾಡುವ ಹೊಸ ಮಿಶ್ರಣವೊಂದನ್ನು ಮಾಡಿದ್ದೇನೆ. ಪ್ರಯೋಗಕ್ಕೆ ಬರಬೇಕಿದ್ದ ಆರನೆಯ ದಾನಿಯ ಚರ್ಮ ದಾರಿಯಲ್ಲೇ ಮಂಜುಗಡ್ಡೆ ಕರಗಿ ಹಾಳಾಯಿತು. ಇನ್ನೊಂದಕ್ಕಾಗಿ ತಿಂಗಳು ಕಾಯುವ ತಾಳ್ಮೆ ನನಗೆಲ್ಲಿದೆ? ಕಳೆದ ತಿಂಗಳು ನರ್ಸಮ್ಮನ ಹತ್ತಿರ ನನ್ನ ತೋಳಿನ ಒಳಭಾಗದಿಂದಲೇ ಒಂದು ಚೂರು ತೆಗೆಸಿಕೊಂಡೆ. ನಮ್ಮ ಪ್ರಯೋಗಾಲಯದಲ್ಲಿ ಇದು ಹೊಸದಲ್ಲ, ಅರ್ಧ ಜನರ ತೋಳಿನಲ್ಲಿ ಆ ಸಣ್ಣ ದುಂಡು ಕಲೆಯಿದೆ. ಯಾರ ಚರ್ಮವಾದರೂ ಹೆಸರು ಬರೆಯುವಂತಿಲ್ಲ. ಡಬ್ಬಿಯ ಮೇಲೆ ಬರೆದದ್ದು ಇಷ್ಟೇ: ದಾನಿ ಆರು, ಆರೋಗ್ಯವಂತ ಮಹಿಳೆ.

ಮಾರ್ಚ್ 7, ಶುಕ್ರವಾರ

ತಮ್ಮ ಫೋನ್ ಮಾಡಿದ್ದ. ಎಂದಿನಂತೆ ತಮಾಷೆಯಿಂದಲೇ ಶುರು. "ಅಕ್ಕ, ನಿನ್ನ ಜೀವಕೋಶಗಳು ಮಾತು ಕೇಳ್ತಿವೆಯಾ? ನನ್ನವಂತೂ ಕೇಳ್ತಿಲ್ಲ."

ಅವನ ಬೆನ್ನಿನ ಮೇಲಿದ್ದ ಗಂಟು ಕೊಬ್ಬಿನದಲ್ಲವಂತೆ. ಹದಿನೈದನೇ ವಯಸ್ಸಿನಲ್ಲಿ ಕಾಲಿನ ಮೂಳೆಗೆ ಕ್ಯಾನ್ಸರ್ ಬಂದಿತ್ತಲ್ಲ, ಅದೇ ಮರಳಿ ಬಂದದ್ದೂ ಅಲ್ಲವಂತೆ. ಇದೇ ಬೇರೆ, ಹೊಸದು. ಡಾಕ್ಟರು ಅಪ್ಪನ ಬಗ್ಗೆ ಕೆದಕಿ ಕೆದಕಿ ಕೇಳಿದರಂತೆ. ಅಪ್ಪ ಹೋದದ್ದು ಮೆದುಳಿನ ಗಡ್ಡೆಯಿಂದ, ಮೂವತ್ತೊಂಬತ್ತಕ್ಕೆ.

"ವಂಶದಲ್ಲೇ ಏನೋ ಇರಬಹುದು ಅಂತಾರೆ. ನನ್ನ ರಕ್ತ ತಗೊಂಡಿದ್ದಾರೆ. ನಿಮ್ಮಕ್ಕನೂ ಒಂದ್ಸಲ ಬಂದು ಹೋಗಲಿ ಅಂದ್ರು."

"ಬರ್ತೀನಿ ಕಣೋ. ಈ ಪ್ರಯೋಗ ಒಂದು ಮುಗೀಲಿ."

ನಾನೇ ಆಸ್ಪತ್ರೆ, ಇನ್ಶೂರೆನ್ಸ್, ರಜೆ ಎಂದು ಏನೇನೋ ವಿಚಾರಿಸಿದೆ. ಫೋನ್ ಇಟ್ಟ ಮೇಲೆ ಕಾಲು ಒಂದು ಕಡೆ ನಿಲ್ಲದೆ ಪಾತ್ರೆಗಳನ್ನೆಲ್ಲ ಎರಡನೇ ಸಲ ತೊಳೆದೆ.

ನನಗೆ ಈ ವರ್ಷ ಮೂವತ್ತೆಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರ್ಚ್ 18, ಮಂಗಳವಾರ

ಎದ್ದಿವೆ! ಎದ್ದಿವೆ!

ಒಂದಲ್ಲ ಎರಡಲ್ಲ. ತಟ್ಟೆಯ ತುಂಬ ಗುಂಪು ಗುಂಪು. ಅಂಚು ನೋಡಿದರೆ ಪೆನ್ಸಿಲಿನಲ್ಲಿ ಗೆರೆ ಎಳೆದಷ್ಟು ನೀಟು, ಒಳಗೆ ಜೀವಕೋಶಗಳು ಇಕ್ಕಟ್ಟಾಗಿ ಕೂತಿವೆ. ಬಣ್ಣ ಹಾಕಿ ಪರೀಕ್ಷಿಸಿದೆ, ಎಲ್ಲವೂ ನಿಜವಾದ ಕಾಂಡಕೋಶ. ಇಷ್ಟು ಬೇಗ, ಇಷ್ಟೊಂದು, ನಮ್ಮ ಪ್ರಯೋಗಾಲಯದಲ್ಲಿ ಯಾರೂ ಕಂಡಿರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತಲ್ಲೇ ಕಣ್ಣಲ್ಲಿ ನೀರು ಬಂತು. ನಾಚಿಕೆಯೇನಿಲ್ಲ, ಬಂತು.

ದೊಡ್ಡವರು, ಅಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ತಾವೇ ಎದ್ದು ಬಂದು ನೋಡಿದರು. "ಮಿಶ್ರಣ ಕೆಲಸ ಮಾಡಿದೆಯಮ್ಮ" ಎಂದು ಬೆನ್ನು ತಟ್ಟಿದರು. ಸಂಶಯ ಮಾತ್ರ, "ಮಿಶ್ರಣ ಹಾಕದ ತಟ್ಟೆ ಎಲ್ಲಿ?" ಎಂದು ಕೇಳಿದ.

"ಇಟ್ಟಿಲ್ಲ. ಜೀವಕೋಶ ಕಡಿಮೆ ಇತ್ತು."

ಅವನು ಹುಬ್ಬು ಏರಿಸಿದ. ಹೊಟ್ಟೆಕಿಚ್ಚು.

ನನ್ನ ಚರ್ಮವೇ ಎಲ್ಲರಿಗಿಂತ ಮುಂದು ಎಂಬ ಜಂಬವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಮನೆಗೆ ಬಂದು ಮೇಷ್ಟ್ರ ಹತ್ತಿರ ಹೇಳಿದೆ. "ನಿನ್ನ ಜೀವಕೋಶವೂ ನಿನ್ನ ಹಾಗೇ, ಒಂದು ಕಡೆ ಕೂರಲ್ಲ" ಎಂದು ನಕ್ಕರು.

ಮಾರ್ಚ್ 20, ಗುರುವಾರ

ಲೇಖನದ ಕರಡು ಶುರು. ಶೀರ್ಷಿಕೆಯನ್ನು ಹತ್ತು ಸಲ ಬದಲಿಸಿದೆ. ತಮ್ಮನಿಗೆ ನಾಳೆ ಫೋನ್ ಮಾಡಬೇಕು.

ಮಾರ್ಚ್ 27, ಗುರುವಾರ

ತಲೆ ಕೆಟ್ಟಿದೆ. ಅದೇ ಮಿಶ್ರಣ, ಅದೇ ಅಳತೆ, ಅದೇ ಕೈ. ದಾನಿ ಎರಡು, ಮೂರು, ಐದು, ಈ ಮೂವರ ಚರ್ಮದಲ್ಲೂ ಏನೂ ಇಲ್ಲ. ಒಂದು ತಟ್ಟೆಯ ಮೂಲೆಯಲ್ಲಿ ಒಂದೇ ಒಂದು ಗುಂಪು, ಅದೂ ಬಾಡಿದ್ದು.

"ಮಿಶ್ರಣ ಅಲ್ಲ ಅನ್ಸುತ್ತೆ" ಎಂದ ಸಂಶಯ.

"ಮತ್ತಿನ್ನೇನು, ನನ್ನ ಕೈಗುಣಾನಾ?"

"ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು. ದಾನಿ ಆರನ್ನ ಮಿಶ್ರಣ ಇಲ್ಲದೆ ಬೆಳೆಸ್ಲಾ?"

"ನಿಮಗೆ ಬೇರೆ ಕೆಲಸ ಇಲ್ವಾ?" ಎಂದುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಅವನಿಗೆ ಬೇಜಾರೂ ಆಗಲಿಲ್ಲ, ಮುಖ ಹಾಗೇ ಇತ್ತು. "ಇಲ್ಲ, ಇದೇ ಕೆಲಸ" ಎಂದು ಡಬ್ಬಿ ತೆಗೆದುಕೊಂಡು ಹೋದ. ಇಂಥವರ ಜೊತೆ ಜಗಳ ಆಡಿದರೂ ತೃಪ್ತಿಯಿಲ್ಲ.

ಬಸ್ಸಿಗೆ ಕಾಯಲಾಗದೆ ಮುಂದಿನ ನಿಲ್ದಾಣಕ್ಕೆ ನಡೆದೆ, ಅಲ್ಲಿಂದ ಅದರ ಮುಂದಿನದಕ್ಕೆ. ಕೊನೆಗೆ ಮನೆಯೇ ಬಂತು.

ಏಪ್ರಿಲ್ 3, ಗುರುವಾರ

ಕೊನೆಗೂ ತಮ್ಮನನ್ನು ನೋಡಿ ಬಂದೆ. ಆಪರೇಷನ್ ಮುಂದಿನ ವಾರ. ಆಸ್ಪತ್ರೆಯ ಅಂಗಿಯಲ್ಲಿ ಚಿಕ್ಕವನಾಗಿ ಕಂಡ. ಕಾಲಿನ ಹಳೆಯ ಗಾಯದ ಗೆರೆ ಮಂಡಿಯಿಂದ ಕೆಳಗೆ ಹಾಗೇ ಇದೆ. ಆ ಕಾಲಿನಲ್ಲೇ ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದಾನೆ.

ಅವನ ರಕ್ತದ ವರದಿ ಬಂದಿದೆ. ಕಾವಲು ಜೀನಿನಲ್ಲಿ ದೋಷ. ನಾನು ಬೆಳಗಾದರೆ ಬೈಯುವ ಅದೇ ಜೀನು.

"ನಂಗೆ ಒಳ್ಳೆ ಅರ್ಥ ಆಯ್ತು ಅಕ್ಕ. ನಮ್ಮ ಸ್ಕೂಲ್ ಕಾರಲ್ಲಿ ಎರಡು ಬ್ರೇಕ್ ಇರುತ್ತಲ್ಲ, ಕಲಿಯೋರ ಕಡೆ ಒಂದು, ನನ್ನ ಕಡೆ ಒಂದು. ಎಲ್ಲರೂ ಹುಟ್ಟೋವಾಗ್ಲೇ ಎರಡು ಬ್ರೇಕ್ ಇಟ್ಕೊಂಡು ಬರ್ತಾರಂತೆ, ಅಮ್ಮಂದೊಂದು, ಅಪ್ಪಂದೊಂದು. ಅಪ್ಪ ನಂಗೆ ಕೊಟ್ಟಿದ್ದು ಕೆಟ್ಟು ಹೋಗಿದ್ದು. ಒಂದರಲ್ಲೇ ಓಡಿಸ್ತಿದ್ದೆ ಇಷ್ಟು ದಿನ."

"ಒಂದಿದ್ರೂ ನಡೆಯುತ್ತೆ ಕಣೋ."

"ನಡೆಯುತ್ತೆ. ಅದೂ ಕೈ ಕೊಡೋವರೆಗೂ." ಆಮೇಲೆ ನನ್ನ ಮುಖ ನೋಡದೆ, "ನಿಂಗೂ ಕೆಟ್ಟಿದ್ದೇ ಬಂದಿರೋಕೆ ಅರ್ಧಕ್ಕರ್ಧ ಸಾಧ್ಯತೆ ಅಂತೆ. ಈ ಕಾರಿಡಾರ್ ಕೊನೇಲೇ ವಂಶದ ಕಾಯಿಲೆ ಬಗ್ಗೆ ಹೇಳೋ ಕೌನ್ಸೆಲರ್ ರೂಮು. ಈಗಲೇ ಹೋಗಿ ಬಾ" ಎಂದ.

ಬಾಗಿಲಿನವರೆಗೂ ಹೋದೆ. ಒಳಗೆ ಒಬ್ಬ ಹೆಂಗಸು ಯಾರೊಂದಿಗೋ ನಗುತ್ತಾ ಮಾತಾಡುತ್ತಿದ್ದರು. ಸಾಲಾಗಿ ಕುರ್ಚಿಗಳು ಖಾಲಿಯೇ ಇದ್ದವು. ಬಹಳ ಜನ ಇದ್ದಾರೆ ಎಂದು ಬಂದು ತಮ್ಮನಿಗೆ ಹೇಳಿದೆ.

ಏಪ್ರಿಲ್ 9, ಬುಧವಾರ

ಸಂಶಯ ನನ್ನನ್ನೂ ದೊಡ್ಡವರನ್ನೂ ಕರೆದು ತೋರಿಸಿದ. ಎರಡು ತಟ್ಟೆ. ಮಿಶ್ರಣ ಹಾಕಿದ್ದು, ಹಾಕದ್ದು. ದಾನಿ ಆರು ಎರಡರಲ್ಲೂ ಒಂದೇ ಸಮ ಎದ್ದಿದೆ. ನನ್ನ ಮಿಶ್ರಣ ಮಾಡಿದ್ದು ಏನೂ ಇಲ್ಲ.

ಅಷ್ಟಕ್ಕೇ ಬಿಡಲಿಲ್ಲ ಆಸಾಮಿ. ಆ ಜೀವಕೋಶಗಳಿಗೆ ಎಕ್ಸ್‌ರೇ ಕೊಟ್ಟು ಗಾಯ ಮಾಡಿದ್ದಾನೆ. ಬೇರೆ ದಾನಿಗಳವು ತಕ್ಷಣ ಬೆಳೆಯುವುದನ್ನು ನಿಲ್ಲಿಸಿವೆ, ರಿಪೇರಿಯಾಗದವು ಸತ್ತಿವೆ. ದಾನಿ ಆರಿನವು ಬಹುಪಾಲು ಏನೂ ಆಗಿಲ್ಲವೆಂಬಂತೆ ಬೆಳೆಯುತ್ತಲೇ ಇವೆ. ಕ್ರೋಮೋಸೋಮಿನ ಚಿತ್ರ ಪರದೆಯ ಮೇಲೆ ಹಾಕಿದ. ಅಲ್ಲಲ್ಲಿ ಮುರಿದಿವೆ. ಮುರಿದ ತುಂಡು ಯಾವುದಕ್ಕೋ ಹೋಗಿ ಅಂಟಿಕೊಂಡಿದೆ.

"ಇದು ಕಾಂಡಕೋಶ ಆಗೋಕೆ ಇಷ್ಟು ಆತುರ ಪಡ್ತಿರೋದು ಯಾಕೆ ಅಂದ್ರೆ ತಡೆಯೋರು ಇಲ್ಲ. ಕಾಂಡಕೋಶ ಆಗೋ ದಾರಿಗೂ ಕ್ಯಾನ್ಸರ್ ಆಗೋ ದಾರಿಗೂ ಗೇಟು ಒಂದೇ. ಆ ಗೇಟಿನ ಕಾವಲು ಈ ದಾನಿಯಲ್ಲಿ ಹುಟ್ಟಿನಿಂದಲೇ ಅರ್ಧ ಇಲ್ಲ ಅನ್ಸುತ್ತೆ" ಎಂದ ಸಂಶಯ.

ದೊಡ್ಡವರು ಕನ್ನಡಕ ತೆಗೆದು ಒರೆಸಿದರು. "ಆರೋಗ್ಯವಂತ ಮಹಿಳೆ ಅಂತ ಬರೆದಿದೆಯಲ್ಲಪ್ಪ?"

"ಅವರಿಗೇ ಗೊತ್ತಿಲ್ಲದೇ ಇರಬಹುದು ಸರ್. ಪಾಪ, ಯಾರೋ ಏನೋ. ಅವರಿಗೆ ಹೇಳೋಕೆ ದಾರಿ ಇದೆಯಾ ಮೇಡಂ?"

ನನ್ನನ್ನೇ ಕೇಳಿದ.

"ಹೆಸರು ಗುಟ್ಟಾಗಿಡ್ತೀವಲ್ಲ" ಎಂದೆ. ದನಿ ಎಷ್ಟು ಸರಿಯಾಗಿ ಬಂತೆಂದರೆ ನನಗೇ ಆಶ್ಚರ್ಯ.

ಏಪ್ರಿಲ್ 10, ಗುರುವಾರ

ರಜೆ ಹಾಕಿದೆ. ಅಡುಗೆಮನೆಯ ಕಪಾಟು ತೆಗೆದು ಒರೆಸಿದೆ. ಮಗಳ ಹಳೇ ಸ್ವೆಟರುಗಳನ್ನು ಬೇರೆ ಕಟ್ಟಿಟ್ಟೆ. ಗೋಡೆಯ ಮೇಲೆ ಮೇಷ್ಟ್ರು ಗುರುತು ಹಾಕಿದ ಅವಳ ಎತ್ತರದ ಗೆರೆಗಳಿವೆಯಲ್ಲ, ಬಟ್ಟೆ ಅಲ್ಲಿಗೆ ಬಂದು ನಿಂತಿತು. ಅದನ್ನು ಒರೆಸಲಿಲ್ಲ.

ತಮ್ಮನ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ತೆಗೆದಿದ್ದಾರೆ.

ಏಪ್ರಿಲ್ 14, ಸೋಮವಾರ

ನಿನ್ನೆ ಮಗಳ ಹಲ್ಲು ಬಿತ್ತು. ತೊಳೆದು, ಎಲ್ಲರಿಗೂ ತೋರಿಸಿ, ಮಲಗುವ ಮುಂಚೆ ತನ್ನ ಗುಂಡಿ ಡಬ್ಬಿಯಲ್ಲಿಟ್ಟಳು. ಅದರಲ್ಲಿ ಅವಳ ಇದುವರೆಗಿನ ಹಲ್ಲುಗಳೆಲ್ಲ ಇವೆ, ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ.

ಹಾಲುಹಲ್ಲಿನ ಒಳಗೆ ಒಂದಿಷ್ಟು ಮೆತ್ತನೆಯ ತಿರುಳಿರುತ್ತದೆ. ಹೊಸದಾಗಿ ಬಿದ್ದ ಹಲ್ಲಾದರೆ ಆ ತಿರುಳು ಇನ್ನೂ ಜೀವಂತ. ತಟ್ಟೆಗೆ ಹಾಕಿದರೆ ಬೆಳೆಯುತ್ತದೆ. ಬೆಳೆದದ್ದಕ್ಕೆ ಎಕ್ಸ್‌ರೇ ಕೊಟ್ಟರೆ, ನಿಲ್ಲುತ್ತದೋ ನಿಲ್ಲುವುದಿಲ್ಲವೋ ಗೊತ್ತಾಗುತ್ತದೆ. ಯಾರಿಗೂ ಹೇಳಬೇಕಿಲ್ಲ, ಯಾವ ಕೌನ್ಸೆಲರ್ ಮುಂದೆಯೂ ಕೂರಬೇಕಿಲ್ಲ.

ನನ್ನನ್ನು ಬಿಡು, ಅವಳದೊಂದು ಗೊತ್ತಾದರೆ ಸಾಕು.

ಹಲ್ಲು ಇವತ್ತು ಬೆಳಿಗ್ಗೆ ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ, ಸಣ್ಣ ಕೊಳವೆಯಲ್ಲಿ, ನನ್ನ ಚೀಲದಲ್ಲಿ ಪ್ರಯೋಗಾಲಯಕ್ಕೆ ಬಂತು. ಆದರೆ ಒಡೆಯುವುದಕ್ಕೆ ಕೈ ಬರಲಿಲ್ಲ. ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಟ್ಟೆ. ನಾಳೆ ಮಾಡುತ್ತೇನೆ.

ಸಂಜೆ ಮನೆಯಲ್ಲಿ ರಂಪ. "ನನ್ನ ಹಲ್ಲು ಯಾರು ತಗೊಂಡ್ರು?" ಮೇಷ್ಟ್ರು ಹಾಸಿಗೆ ಕೊಡವಿದರು. ನಾನೂ ಮಂಚದ ಕೆಳಗೆ ಬಗ್ಗಿ ಟಾರ್ಚು ಹಾಕಿ ಹುಡುಕಿದೆ. ಎಂಥ ಹೆಂಗಸು ನಾನು!

ಏಪ್ರಿಲ್ 15, ಮಂಗಳವಾರ

ಫ್ರಿಜ್ಜಿನ ಮುಂದೆ ಸಂಶಯ ಕೊಳವೆ ಹಿಡಿದು ನಿಂತಿದ್ದ. "ಚೀಟಿ ಇಲ್ಲ, ನಂಬರ್ ಇಲ್ಲ. ಇದು ಯಾರದು?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಆದರೆ ಬಾಯಿಂದ ಬಂದದ್ದು, "ನನ್ನ ಮಗಳದು."

"ಮಗಳದಾ? ಯಾಕೆ?"

"ದಾನಿ ಆರು ನಾನೇ."

ಎಷ್ಟು ವರ್ಷದ ಪರಿಚಯ. ಮೊಟ್ಟಮೊದಲ ಬಾರಿಗೆ ಅವನು ಏನನ್ನೂ ಸಂಶಯಪಡಲಿಲ್ಲ. ಸ್ಟೂಲು ಎಳೆದು ನನ್ನ ಹಿಂದೆ ಇಟ್ಟ. ಕೂತೆ. ಅಪ್ಪ, ತಮ್ಮ, ವರದಿ ಎಲ್ಲವನ್ನೂ ಕಕ್ಕಿದೆ. ಅವನು ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದ.

"ಅವತ್ತು ನಿಮ್ಮೆದುರಿಗೇ ಪಾಪ ಯಾರೋ ಅಂದ್ಬಿಟ್ಟೆ."

"ನೀವೇನೂ ಸುಳ್ಳು ಹೇಳಲಿಲ್ಲವಲ್ಲ."

"ನೋಡಿ ಮೇಡಂ, ತಟ್ಟೆ ನೋಡಿ ಮನುಷ್ಯರಿಗೆ ಹೀಗೇ ಅಂತ ಹೇಳೋಕಾಗಲ್ಲ. ಸರಿಯಾಗಿ ರಕ್ತ ಪರೀಕ್ಷೆ ಮಾಡಿಸಿ. ನಾನು ತಪ್ಪಿರಬಹುದು."

"ನಿಜವಾಗ್ಲೂ ತಪ್ಪಿರಬಹುದಾ?"

ಬಹಳ ಹೊತ್ತು ಯೋಚಿಸಿದ. "ಇಲ್ಲ" ಎಂದ.

ಇಬ್ಬರಿಗೂ ನಗು ಬಂತು, ಯಾಕೋ ಗೊತ್ತಿಲ್ಲ. ಕೊಳವೆಯನ್ನು ನನ್ನ ಕೈಗೆ ಕೊಟ್ಟು ಹೇಳಿದ, "ಇದನ್ನ ಮಾತ್ರ ವಾಪಸ್ ತಗೊಂಡು ಹೋಗಿ. ಅವಳನ್ನ ಕೇಳಿಲ್ಲವಲ್ಲ ನೀವು."

ಹಲ್ಲನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟೆ. ಮಗಳಿಗೆ ಸಿಕ್ಕಿತು. "ನಿನ್ನೆ ಇಲ್ಲೇ ನೋಡಿದ್ದೆ, ಇರ್ಲಿಲ್ಲ" ಎಂದು ನನ್ನ ಮುಖವನ್ನೇ ದಿಟ್ಟಿಸಿದಳು. ತಮ್ಮ ಅವಳನ್ನು ವಕೀಲಮ್ಮ ಎಂದು ಸುಮ್ಮನೆ ಕರೆಯುವುದಿಲ್ಲ.

ಏಪ್ರಿಲ್ 17, ಗುರುವಾರ

ದೊಡ್ಡವರಿಗೆ ಹೇಳಿದೆ. ಲೇಖನ ವಾಪಸ್. ಮಿಶ್ರಣದ ಕೆಲಸವೆಲ್ಲ ಮೊದಲಿನಿಂದ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಿಟಕಿಯ ಹತ್ತಿರ ಹೋಗಿ ನಿಂತು, "ತಮ್ಮ ಹೇಗಿದ್ದಾನಮ್ಮ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು, ಅಳು ತಡೆಯಬಹುದಿತ್ತು.

ಮೇಷ್ಟ್ರಿಗೂ ಹೇಳಿದೆ. ಅವರು ಬರೆಯುತ್ತಿದ್ದ ಚಿತ್ರದ ಮೇಲೆ ನೀರಿನ ಲೋಟ ಉರುಳಿತು. ಒರೆಸಲೂ ಇಲ್ಲ. "ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗೋಣ. ನಾನು ಬರ್ತೀನಿ. ಜನ ಇದ್ರೂ ಕಾಯೋಣ" ಎಂದರು.

ಮೇ 2, ಶುಕ್ರವಾರ

ಇದೆ.

ಕೌನ್ಸೆಲರ್ ಒಳ್ಳೆಯ ಹೆಂಗಸು. ಒಂದು ಹಾಳೆಯ ಮೇಲೆ ಚೌಕ, ವೃತ್ತ ಬರೆದು ಕುಟುಂಬ ತೋರಿಸಿದರು. ಅಪ್ಪ ಚೌಕ, ಪೂರ್ತಿ ಕಪ್ಪು. ತಮ್ಮ ಚೌಕ, ಕಪ್ಪು. ನನ್ನ ವೃತ್ತಕ್ಕೆ ಅರ್ಧ ಕಪ್ಪು ತುಂಬಿದರು. ರೋಗ ಬಂದಿಲ್ಲ, ಬರಲೇಬೇಕು ಎಂದೂ ಇಲ್ಲ, ಆದರೆ ವರ್ಷ ವರ್ಷ ತಲೆಯಿಂದ ಕಾಲಿನವರೆಗೂ ಸ್ಕ್ಯಾನ್ ಮಾಡುತ್ತಾ ಕಾಯಬೇಕು. ನನ್ನ ಮೊದಲ ಸ್ಕ್ಯಾನ್ ಕೂಡ ಆಯಿತು, ಈ ಸಲಕ್ಕೆ ಏನೂ ಇಲ್ಲ.

ನನ್ನ ವೃತ್ತದ ಕೆಳಗೆ ಇನ್ನೊಂದು ಸಣ್ಣ ವೃತ್ತ. ಅದು ಖಾಲಿ. ಅದರ ಮೇಲಿಂದ ನನ್ನ ಕಣ್ಣು ಏಳಲಿಲ್ಲ.

"ಈ ದೋಷ ಮಕ್ಕಳಿಗೂ ಚಿಕ್ಕ ವಯಸ್ಸಲ್ಲೇ ತೊಂದರೆ ಕೊಡಬಹುದು. ಅದಕ್ಕೇ ಮಕ್ಕಳಿಗೂ ಪರೀಕ್ಷೆ ಮಾಡ್ತೀವಿ. ಆದ್ರೆ ಅವಳಿಗೆ ಅರ್ಥ ಆಗೋ ಹಾಗೆ ಹೇಳಿ ಕರ್ಕೊಂಡು ಬನ್ನಿ" ಎಂದರು.

ಮೇ 4, ಭಾನುವಾರ

ಹೇಳಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ, ಕೈಗೆ ಕೆಲಸ ಇದ್ದರೆ ಮಾತು ಬರುತ್ತದೆಂದು. ಮಾಮನ ಬ್ರೇಕಿನ ಕಥೆಯನ್ನೇ ಹೇಳಿದೆ. ಅಜ್ಜ, ಮಾಮ, ಆಮೇಲೆ ನಾನು.

"ನಿಂಗೆ ಒಂದೇ ಇದೆಯಾ?"

"ಒಂದೇ."

ಕ್ಲಿಪ್ಪು ಒಂದನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದಳು. ತುಟಿ ಕಚ್ಚಿ ಹಿಡಿದಿದ್ದಳು. ಆಮೇಲೆ ಬಾಣ ಬಿಟ್ಟಳು: "ನನ್ನ ಹಲ್ಲು ತಗೊಂಡಿದ್ದು ಇದಕ್ಕೇನಾ?"

ತಲೆಯಾಡಿಸಿದೆ.

"ಕೇಳದೆ ತಗೊಂಡ್ರೆ ಅದಕ್ಕೆ ಏನಂತಾರೆ?"

"ಕಳ್ಳತನ ಅಂತಾರೆ."

"ಮತ್ತೆ ನನ್ನ ಜೊತೆ ಹುಡುಕಿದ್ಯಲ್ಲ! ಟಾರ್ಚು ಬೇರೆ!"

"ತಪ್ಪಾಯ್ತು ಮರೀ. ಭಯ ಆಗಿತ್ತು ನಂಗೆ. ಈಗಲೂ ಆಗ್ತಿದೆ."

ನಾನು ಅವಳ ಮುಂದೆ ಈ ಮಾತು ಹೇಳಿದ್ದು ಇದೇ ಮೊದಲು. ಅವಳು ಕ್ಲಿಪ್ಪನ್ನು ನನ್ನ ತೋಳಿಗೆ, ಸರಿಯಾಗಿ ಆ ಕಲೆಯ ಪಕ್ಕಕ್ಕೆ, ಸಿಕ್ಕಿಸಿದಳು. ಚುರುಕ್ಕೆಂದಿತು. "ಇದು ಹಲ್ಲಿಗೆ. ಸರಿಹೋಯ್ತು. ಯಾವತ್ತು ಹೋಗೋಣ?" ಎಂದಳು.

ಮೇ 6, ಮಂಗಳವಾರ

ಸೂಜಿ ಚುಚ್ಚುವಾಗ ಅವಳು ನೆಟ್ಟಗೆ ನೋಡುತ್ತಿದ್ದಳು. ಮುಖ ತಿರುಗಿಸಿದ್ದು ನಾನು.

ಮೇ 12, ಸೋಮವಾರ

ಏನೂ ಬರೆಯಲು ತೋಚುತ್ತಿಲ್ಲ. ಫೋನ್ ಸದ್ದಾದರೆ ಓಡಿ ಹೋಗಿ ತೆಗೆಯುತ್ತೇನೆ. ಇವತ್ತು ಬಂದದ್ದು ಗ್ಯಾಸ್ ಏಜೆನ್ಸಿಯವರದು, ನಿನ್ನೆ ಬಂದದ್ದು ತಮ್ಮನದು. ಅವನು ಊರುಗೋಲಿಲ್ಲದೆ ಗೇಟಿನವರೆಗೂ ನಡೆದನಂತೆ. "ಕ್ಲಚ್ಚು ಇನ್ನೂ ಗಟ್ಟಿ ಇದೆ ಅಕ್ಕ" ಎಂದ.

ಮೇ 21, ಬುಧವಾರ

ವರದಿ ಬಂದಿದೆ, ಬನ್ನಿ ಎಂದು ಬೆಳಿಗ್ಗೆಯೇ ಫೋನ್. ಮಗಳಿಗೆ ಆ ಹೊತ್ತಿನಲ್ಲಿ ಈಜಿನ ಕ್ಲಾಸು. ಕ್ಲಾಸು ಬಿಡಿಸಿ ಈಗಲೇ ಕರೆದುಕೊಂಡು ಹೋಗೋಣವೇ ಎಂದು ಮೇಷ್ಟ್ರು ಕೇಳಿದರು. ಈಜಿ ಬರಲಿ ಬಿಡಿ ಎಂದೆ. ಕೊಳದ ಅಂಚಿನ ಬೆಂಚಿನ ಮೇಲೆ ಕೂತು ಪೂರ್ತಿ ಕ್ಲಾಸು ನೋಡಿದೆ.

ಕೌನ್ಸೆಲರ್ ಸುತ್ತು ಬಳಸಲಿಲ್ಲ. "ನಿನಗಿಲ್ಲಮ್ಮ. ಎರಡೂ ಸರಿಯಾಗಿವೆ."

ಮೇಷ್ಟ್ರು ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣು ಒತ್ತಿಕೊಂಡರು. ನನಗೆ ಅವರನ್ನು ನೋಡಲೂ ಆಗಲಿಲ್ಲ, ಮೇಜಿನ ಅಂಚು ಹಿಡಿದುಕೊಂಡೆ. ಮಗಳು ಮಾತ್ರ ವರದಿಯ ಹಾಳೆಯನ್ನೇ ನೋಡುತ್ತಿದ್ದಳು. ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಬಸ್ಸಿನಲ್ಲಿ ನೋಡಿದರೆ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಾಳೆ.

"ಏನಾಯ್ತೇ? ಒಳ್ಳೆ ಸುದ್ದಿ ಅಲ್ವಾ?"

"ನಿನ್ನ ಹತ್ರ ಇದ್ದಿದ್ದೇ ಒಂದು ಒಳ್ಳೇದು. ಅದನ್ನ ನಾನು ತಗೊಂಡ್ಬಿಟ್ಟೆ."

ಹಾಗಲ್ಲ, ನನ್ನದು ನನ್ನಲ್ಲೇ ಇರುತ್ತದೆ, ನಿನಗೆ ಬಂದದ್ದು ಅದರ ಪ್ರತಿ ಎಂದು ವಿವರಿಸಬಹುದಿತ್ತು. ಆಮೇಲೆ ವಿವರಿಸಿದೆ ಕೂಡ. ಆದರೆ ಆ ಕ್ಷಣಕ್ಕೆ ಬಾಯಿಗೆ ಬಂದದ್ದೇ ಬೇರೆ.

"ಅದೂ ಕೇಳದೆ ತಗೊಂಡ್ಯಲ್ಲ!" ಎಂದೆ.

ಅವಳು ತಿರುಗಿ ನೋಡಿದಳು. ಮೂಗು ಸೋರುತ್ತಿತ್ತು. ನಗು ಎಲ್ಲಿಂದ ಬಂತೋ ಇಬ್ಬರಿಗೂ, ಹಿಂದಿನ ಸೀಟಿನ ಮುದುಕರು ಪೇಪರ್ ಇಳಿಸಿ ನೋಡುವಷ್ಟು.

ಜೂನ್ 5, ಗುರುವಾರ

ಬೆಳಿಗ್ಗೆ ಇನ್ನೂ ಹಲ್ಲುಜ್ಜುತ್ತಿದ್ದೆ, ಮಗಳು ಬಾತ್‌ರೂಮಿನ ಬಾಗಿಲು ಬಡಿದಳು. ಕೈಯಲ್ಲಿ ಲೋಟ, ಲೋಟದಲ್ಲಿ ಹಾಲು, ಹಾಲಿನ ತಳದಲ್ಲಿ ಹಲ್ಲು. ಇನ್ನೊಂದು ಕಡೆಯ ದವಡೆಯದು. ಹಾಲಿನಲ್ಲಿ ಹಾಕಿದರೆ ಹಲ್ಲು ಬೇಗ ಸಾಯುವುದಿಲ್ಲ ಎಂದು ಎಲ್ಲೋ ಓದಿದ್ದಾಳೆ.

"ನಿಂಗೆ ಆರೋಗ್ಯವಂತ ದಾನಿ ಬೇಕಿತ್ತಲ್ಲ. ಎರಡೂ ಸರಿ ಇರೋರು."

ಕೈ ಚಾಚಿದೆ. ಲೋಟ ಹಿಂದಕ್ಕೆ ಹೋಯಿತು.

"ಮೊದ್ಲು ಕೇಳು."

ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೇಳಿದೆ. "ವಕೀಲಮ್ಮನೋರೇ, ತಮ್ಮ ಹಲ್ಲನ್ನ ದಯವಿಟ್ಟು ಕೊಡ್ತೀರಾ?"

"ಕೊಟ್ಟಿದ್ದೀನಿ" ಎಂದಳು.

ಸಂಶಯ ಒಪ್ಪಿಗೆಯ ಕಾಗದಗಳನ್ನು ಮೂರು ಸಲ ಓದಿಸಿದ. ಅವಳಿಂದ, ಮೇಷ್ಟ್ರಿಂದ ಸಹಿ ಹಾಕಿಸಿಕೊಂಡ. ಈ ಕೆಲಸದಿಂದ ನನ್ನನ್ನು ದೂರ ಇಟ್ಟಿದ್ದಾನೆ, ತಟ್ಟೆ ಅವನದೇ, ನಾನು ನೋಡಬಹುದು ಅಷ್ಟೆ. ದಾನಿ ಏಳು.

ಜುಲೈ 14, ಸೋಮವಾರ

ತಟ್ಟೆ ಖಾಲಿ.

ಸಂಶಯ ಮಧ್ಯಾಹ್ನ ಇನ್‌ಕ್ಯುಬೇಟರ್ ತೆಗೆದು ಇಣುಕುತ್ತಾ ನಿಂತಿದ್ದ. "ಬಾಗಿಲು ಹಾಕ್ರಿ, ಕಾವು ಹೋಗುತ್ತೆ" ಎಂದೆ. ಅವನು ಬೆಚ್ಚಿ ನನ್ನ ಕಡೆ ನೋಡಿದ. ಅದು ಅವನದೇ ಮಾತಲ್ಲವೇ.

ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಟ್ಟ. ನಾಲ್ಕು ಜೀನ್ ಹಾಕಿ ಇಷ್ಟು ದಿನವಾಯಿತು, ನನ್ನವಾಗಿದ್ದರೆ ಈ ಹೊತ್ತಿಗೆ ತಟ್ಟೆ ತುಂಬಿ ಹೋಗುತ್ತಿತ್ತು. ಇಲ್ಲಿ ಒಂದು ಗುಂಪೂ ಎದ್ದಿಲ್ಲ. ಉದ್ದುದ್ದ ಜೀವಕೋಶಗಳು ತಮ್ಮ ಪಾಡಿಗೆ ತಾವು ಮಲಗಿವೆ. ಬೇರೇನೋ ಆಗಲು ಹೊರಟ ಕೆಲವು ಅಲ್ಲಲ್ಲೇ ಸತ್ತು ಉರುಟಾಗಿ ತೇಲುತ್ತಿವೆ.

"ಹಲ್ಲಿನ ಜೀವಕೋಶನೇ ಬೇರೆ, ಚರ್ಮದ್ದೇ ಬೇರೆ. ಒಂದಕ್ಕೊಂದು ಹೋಲಿಸೋ ಹಾಗಿಲ್ಲ ಮೇಡಂ. ಮುಂದಿನ ವಾರ ಎದ್ದರೂ ಎದ್ದಾವು" ಎಂದ ಸಂಶಯ.

"ಗೊತ್ತು" ಎಂದೆ. ಗೊತ್ತು, ಆದರೂ ಕಣ್ಣು ತೆಗೆಯಲಿಲ್ಲ. ನಿಲ್ಲು ಎನ್ನುವವರು ಅಲ್ಲಿದ್ದಾರೆ. ಇಬ್ಬರಿದ್ದಾರೆ.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. "ನನ್ನವು ಏನಾದ್ವು?"

"ಏನೂ ಆಗಿಲ್ಲ ಮರೀ."

"ಛೇ! ಒಂದೂ ಇಲ್ವಾ?"

"ಒಂದೂ ಇಲ್ಲ" ಎಂದೆ. ಚೀಲ ಕೆಳಗಿಟ್ಟು ಅವಳನ್ನು ಹಿಡಿದುಕೊಂಡೆ. ಉಸಿರು ಕಟ್ಟುತ್ತೆ ಬಿಡಮ್ಮ ಎನ್ನುವವರೆಗೂ ಬಿಡಲಿಲ್ಲ.